ರೆಪ್ಪೆಯ ಗಡ್ಡೆ ತೆಗೆದ ಮೇಲೆ ಹೊಸ ರೆಪ್ಪೆ ಕಟ್ಟುವುದು ಹೇಗೆ? ರೋಗಿಗೂ ಮನೆಯವರಿಗೂ ಒಂದು ಮಾರ್ಗದರ್ಶಿ

"ರೆಪ್ಪೆಯಲ್ಲಿ ಗಡ್ಡೆ ಇದೆ, ತೆಗೀಬೇಕು ಅಂದಿದ್ದಾರೆ. ಅರ್ಧ ರೆಪ್ಪೆನೇ ಹೋಗುತ್ತಂತೆ. ಆಮೇಲೆ ಕಣ್ಣಿನ ಗತಿ ಏನು?" ಓದುಗರಿಂದ ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇದೆ. ಹೆಚ್ಚಿನವರ ಚಿಂತೆ ಮುಖ ಹೇಗೆ ಕಾಣುತ್ತದೋ ಅನ್ನುವುದು. ಸಹಜವೇ. ಆದರೆ ಆಪರೇಷನ್ ಮಾಡುವವರು ಮೊದಲು ಕೇಳಿಕೊಳ್ಳುವುದು ಬೇರೆ: ಕಣ್ಣು ಪೂರ್ತಿ ಮುಚ್ಚುತ್ತದಾ? ರೆಪ್ಪೆ ಮುಚ್ಚದಿದ್ದರೆ ಕಾರ್ನಿಯಾ, ಅಂದರೆ ಕಪ್ಪುಗುಡ್ಡೆಯ ಮುಂದಿರುವ ಗಾಜಿನಂಥ ಪದರ, ಒಣಗುತ್ತದೆ. ಒಣಗಿದ್ದು ಹುಣ್ಣಾಗುತ್ತದೆ, ಹುಣ್ಣು ಕಲೆಯಾಗುತ್ತದೆ, ದೃಷ್ಟಿ ಹೋಗುತ್ತದೆ. ಹಾಗಾಗಿ ಮೊದಲು ಗಡ್ಡೆ ಪೂರ್ತಿ ಹೋಗಬೇಕು, ಆಮೇಲೆ ಕಣ್ಣು ಮುಚ್ಚುವಂತಾಗಬೇಕು, ಅಂದ ಚೆಂದ ಮೂರನೆಯದು. ನಿಮ್ಮ ಡಾಕ್ಟರ್ ಹೇಳುವ ಎಷ್ಟೋ ಮಾತುಗಳಿಗೆ ಕಾರಣ ಈ ಸಾಲಿನಲ್ಲೇ ಇರುತ್ತದೆ.

ಒಂದು ಸಮಾಧಾನದ ಮಾತು ಮೊದಲೇ ಹೇಳಿಬಿಡುತ್ತೇನೆ. ಪೂರ್ತಿ ರೆಪ್ಪೆ ಹೋದರೂ ಮತ್ತೆ ಕಟ್ಟುವ ವಿಧಾನಗಳಿವೆ, ಅವು ಹಳೆಯವು, ಚೆನ್ನಾಗಿ ಪಳಗಿದವು.

ಹಂತ 1: ಗಡ್ಡೆ ಯಾವುದು ಅಂತ ಗೊತ್ತಾಗಲಿ

ಬಯಾಪ್ಸಿ ಇಲ್ಲದೆ ಮುಂದಕ್ಕೆ ಹೋಗಬೇಡಿ. ಬಯಾಪ್ಸಿ ಅಂದರೆ ಗಡ್ಡೆಯ ಚಿಕ್ಕ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. "ಸೂಜಿ, ಕತ್ತರಿ ತಾಗಿದರೆ ಕ್ಯಾನ್ಸರ್ ಹರಡುತ್ತೆ" ಅನ್ನುವ ಭಯ ನಮ್ಮಲ್ಲಿ ತುಂಬಾ ಇದೆ. ಆ ಭಯಕ್ಕೆ ತಿಂಗಳುಗಟ್ಟಲೆ ಕಾಯುವುದೇ ನಿಜವಾದ ಅಪಾಯ.

ಪಾಶ್ಚಾತ್ಯ ದೇಶಗಳಲ್ಲಿ ರೆಪ್ಪೆಯ ಕ್ಯಾನ್ಸರ್ ಅಂದರೆ ಬಹುಪಾಲು ಬೇಸಲ್ ಸೆಲ್ ಕಾರ್ಸಿನೋಮಾ. ಇದು ಚರ್ಮದ ತಳಪದರದಲ್ಲಿ ಹುಟ್ಟುತ್ತದೆ, ನಿಧಾನವಾಗಿ ಬೆಳೆಯುತ್ತದೆ, ಬೇರೆ ಅಂಗಗಳಿಗೆ ಹರಡುವುದು ತೀರಾ ಅಪರೂಪ. ಹೆಚ್ಚಾಗಿ ಕೆಳರೆಪ್ಪೆಯಲ್ಲಿ, ಇಲ್ಲವೇ ಮೂಗಿನ ಪಕ್ಕದ ಕಣ್ಣಿನ ಮೂಲೆಯಲ್ಲಿ ಕಾಣುತ್ತದೆ. ಭಾರತದ ಕಥೆ ಬೇರೆ. ಇಲ್ಲಿ ಸೆಬೇಶಿಯಸ್ ಗ್ಲ್ಯಾಂಡ್ ಕಾರ್ಸಿನೋಮಾ, ಅಂದರೆ ರೆಪ್ಪೆಯೊಳಗಿನ ಎಣ್ಣೆಗ್ರಂಥಿಯ ಕ್ಯಾನ್ಸರ್, ತುಂಬಾ ಜಾಸ್ತಿ. ಮೇಲ್ರೆಪ್ಪೆಯಲ್ಲಿ ಹೆಚ್ಚು. ಇದು ದುಗ್ಧಗ್ರಂಥಿಗಳಿಗೆ, ಅಂದರೆ ಕಿವಿಯ ಮುಂದೆ ಮತ್ತು ದವಡೆಯ ಕೆಳಗೆ ಇರುವ ಗಂಟುಗಳಿಗೆ, ಹರಡಬಲ್ಲದು.

ಇದರ ದೊಡ್ಡ ತೊಂದರೆ ಅಂದರೆ ವೇಷ. ನೋಡಲು ಸಾಮಾನ್ಯ ಕಲೇಜಿಯನ್ ತರಹವೇ ಇರುತ್ತದೆ. ಎಣ್ಣೆಗ್ರಂಥಿಯ ಬಾಯಿ ಕಟ್ಟಿಕೊಂಡು ಆಗುವ, ನೋವಿಲ್ಲದ ಗಂಟಿಗೆ ಕಲೇಜಿಯನ್ ಅನ್ನುತ್ತಾರೆ. ಕೆಲವೊಮ್ಮೆ ಗಂಟೇ ಇರುವುದಿಲ್ಲ. ಒಂದೇ ಕಣ್ಣು ತಿಂಗಳುಗಟ್ಟಲೆ ಕೆಂಪಾಗಿ, ರೆಪ್ಪೆಯ ಅಂಚು ದಪ್ಪಗಾಗಿ, ಡ್ರಾಪ್ಸ್ ಹಾಕಿದರೂ ಜಗ್ಗುವುದಿಲ್ಲ. ಹಾಗಾಗಿ ಇವು ಗಮನದಲ್ಲಿರಲಿ:

- ಒಮ್ಮೆ ಕೊಯ್ದು ತೆಗೆದ ಗಂಟು ಅದೇ ಜಾಗದಲ್ಲಿ ಮತ್ತೆ ಬಂದರೆ
- ಗಂಟಿನ ಮೇಲಿನ ರೆಪ್ಪೆಗೂದಲು ಉದುರಿದ್ದರೆ
- ಗಂಟು ಹಳದಿ ಬಣ್ಣಕ್ಕೆ ತಿರುಗಿದ್ದರೆ, ಇಲ್ಲವೇ ರಕ್ತ ಜಿನುಗುತ್ತಿದ್ದರೆ
- ವಯಸ್ಸಾದವರಲ್ಲಿ ಒಂದೇ ಕಣ್ಣಿಗೆ "ವಾಸಿಯಾಗದ ಕಂಜಂಕ್ಟಿವೈಟಿಸ್", ಅಂದರೆ ಕಣ್ಣು ಕೆಂಪಾಗುವ ಉರಿಯೂತ, ಇದ್ದರೆ

ಎರಡನೇ ಸಲ ಕೊಯ್ಯುವಾಗ "ಲ್ಯಾಬ್‌ಗೆ ಕಳಿಸ್ತೀರಾ ಡಾಕ್ಟ್ರೇ?" ಅಂತ ಕೇಳಿ. ಸಂಕೋಚ ಬೇಡ. ಈ ಲೇಖನದಿಂದ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ರಿಪೋರ್ಟ್ ಬಂದ ಮೇಲೆ ಕತ್ತಿನ ಅಲ್ಟ್ರಾಸೌಂಡ್, ಸಿಟಿ ಅಥವಾ ಎಂಆರ್‌ಐ ಹೇಳಬಹುದು. ಎಣ್ಣೆಗ್ರಂಥಿಯ ಕ್ಯಾನ್ಸರ್ ಆಗಿದ್ದರೆ ನಿಮ್ಮ ಮನೆತನದಲ್ಲಿ ಯಾರಿಗಾದರೂ ದೊಡ್ಡಕರುಳಿನ ಕ್ಯಾನ್ಸರ್ ಇತ್ತಾ ಅಂತಲೂ ಕೇಳಬಹುದು. ಕಣ್ಣಿಗೂ ಕರುಳಿಗೂ ಏನು ಸಂಬಂಧ ಅನ್ನಬೇಡಿ. ಮ್ಯೂರ್-ಟೊರೆ ಸಿಂಡ್ರೋಮ್ ಅನ್ನುವ ವಂಶವಾಹಿ ತೊಂದರೆಯಲ್ಲಿ ಎರಡೂ ಒಟ್ಟಿಗೆ ಬರುತ್ತವೆ.

ಹಂತ 2: ಸರಿಯಾದ ಜಾಗ, ಸರಿಯಾದ ಕಾಗದ

ಈ ಕೆಲಸ ಮಾಡುವವರು ಆಕ್ಯುಲೋಪ್ಲಾಸ್ಟಿ ಸರ್ಜನ್, ಅಂದರೆ ರೆಪ್ಪೆ, ಕಣ್ಣೀರಿನ ನಾಳ, ಕಣ್ಣಿನ ಗೂಡಿನ ಆಪರೇಷನ್‌ಗಳಲ್ಲೇ ತರಬೇತಿ ಪಡೆದ ಕಣ್ಣಿನ ಡಾಕ್ಟರ್. ಕಣ್ಣಿನ ಪೊರೆ (ಕ್ಯಾಟರಾಕ್ಟ್) ಆಪರೇಷನ್‌ನಲ್ಲಿ ಎಷ್ಟೇ ಹೆಸರು ಮಾಡಿದವರಾಗಿದ್ದರೂ ಇದು ಬೇರೆಯದೇ ವಿದ್ಯೆ. ಬೆಂಗಳೂರಿನ ಮಿಂಟೋದಂಥ ಸರ್ಕಾರಿ ಕಣ್ಣಾಸ್ಪತ್ರೆಯಲ್ಲಿ, ದೊಡ್ಡ ಮೆಡಿಕಲ್ ಕಾಲೇಜುಗಳಲ್ಲಿ ಈ ವಿಭಾಗ ಇದೆಯಾ ಅಂತ ಮೊದಲು ವಿಚಾರಿಸಿ. ರೋಗ ಹರಡಿರುವ ಅನುಮಾನ ಇದ್ದರೆ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಯವರ ಅಭಿಪ್ರಾಯವೂ ಬೇಕಾಗುತ್ತದೆ.

ದುಡ್ಡಿನ ವಿಷಯ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಜನ ಎಡವುವುದು ರೆಫರಲ್ ಪತ್ರದಲ್ಲಿ. ತುರ್ತಲ್ಲದ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಅಲ್ಲಿಂದ ಬರೆಸಿಕೊಂಡು ಹೋಗಬೇಕು. ನೇರ ಖಾಸಗಿ ಆಸ್ಪತ್ರೆಗೆ ಅಡ್ಮಿಟ್ ಆಗಿ ಆಮೇಲೆ ಕಾರ್ಡ್ ತೋರಿಸಿದರೆ ಕೆಲಸ ಆಗುವುದು ಕಷ್ಟ. ಅಡ್ಮಿಟ್ ಆಗುವ ಮೊದಲೇ ಆಸ್ಪತ್ರೆಯ ಆರೋಗ್ಯ ಮಿತ್ರರ (ಯೋಜನೆಯ ಬಗ್ಗೆ ನೆರವಾಗುವ ಸಿಬ್ಬಂದಿ) ಹತ್ತಿರ ಎರಡು ಪ್ರಶ್ನೆ ಕೇಳಿ: ಈ ಆಪರೇಷನ್ ಯೋಜನೆಯಲ್ಲಿ ಬರುತ್ತದಾ? ಎರಡು ಹಂತದ ಆಪರೇಷನ್ ಆದರೆ ಎರಡನೆಯದಕ್ಕೆ ಮತ್ತೆ ಅನುಮತಿ ಬೇಕಾ?

ಬಯಾಪ್ಸಿ ಬೇರೆ ಕಡೆ ಮಾಡಿಸಿದ್ದರೆ ರಿಪೋರ್ಟ್ ಮಾತ್ರ ಸಾಲದು. ಲ್ಯಾಬ್‌ನಿಂದ ಸ್ಲೈಡ್ ಮತ್ತು ಬ್ಲಾಕ್ ಕೇಳಿ ತೆಗೆದುಕೊಳ್ಳಿ. ಬ್ಲಾಕ್ ಅಂದರೆ ಮೇಣದಲ್ಲಿ ಹುದುಗಿಸಿಟ್ಟ ಆ ಚೂರು. ದೊಡ್ಡ ಆಸ್ಪತ್ರೆಯವರು ತಾವೇ ಇನ್ನೊಮ್ಮೆ ನೋಡುತ್ತಾರೆ.

ಹಂತ 3: ಆಪರೇಷನ್‌ಗೆ ಮೊದಲು ಮೈ ಸಿದ್ಧವಾಗಲಿ

ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್‌ನಂಥ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲ ಭೇಟಿಯಲ್ಲೇ ಹೇಳಿ. ನೀವಾಗಿಯೇ ನಿಲ್ಲಿಸಬೇಡಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿದವರು ಮಾತ್ರೆ ಬಿಟ್ಟರೆ ಕಣ್ಣಿಗಿಂತ ದೊಡ್ಡ ಆಪತ್ತು. ಹೃದಯದ ಡಾಕ್ಟರೂ ಕಣ್ಣಿನ ಡಾಕ್ಟರೂ ಮಾತಾಡಿಕೊಂಡು ತೀರ್ಮಾನಿಸಲಿ. ಮೀನೆಣ್ಣೆ, ಬೆಳ್ಳುಳ್ಳಿ ಕ್ಯಾಪ್ಸೂಲ್, ನಾಟಿ ಔಷಧಿ ಯಾವುದಿದ್ದರೂ ಮುಚ್ಚಿಡಬೇಡಿ. ಸಕ್ಕರೆ, ಬಿಪಿ ಹತೋಟಿಗೆ ಬರಲಿ.

ಬೀಡಿ, ಸಿಗರೇಟು, ಎಲೆಯಡಿಕೆ ಜೊತೆಗಿನ ಹೊಗೆಸೊಪ್ಪು, ಗುಟ್ಕಾ ಎಲ್ಲ ಬಂದ್. ಇದು ಸುಮ್ನೆ ಹೇಳುವ ಉಪದೇಶ ಅಲ್ಲ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಹೊಸ ರೆಪ್ಪೆಯ ಚರ್ಮ ಬದುಕುವುದು ಆ ನಾಳಗಳ ರಕ್ತದಿಂದಲೇ.

ಹಂತ 4: ರೆಪ್ಪೆಯ ಎರಡು ಪದರ ಅರ್ಥ ಮಾಡಿಕೊಳ್ಳಿ

ಇದೊಂದು ತಿಳಿದರೆ ಡಾಕ್ಟರ್ ಬಿಡಿಸಿ ತೋರಿಸುವ ಚಿತ್ರ ಸಲೀಸಾಗಿ ಅರ್ಥವಾಗುತ್ತದೆ. ರೆಪ್ಪೆಗೆ ಮುಂದೊಂದು, ಹಿಂದೊಂದು ಪದರ. ಮುಂದಿನದು ಚರ್ಮ ಮತ್ತು ಕಣ್ಣು ಮುಚ್ಚಿಸುವ ಸ್ನಾಯು. ಹಿಂದಿನದು ಟಾರ್ಸಸ್ ಅನ್ನುವ ಗಟ್ಟಿ ತಟ್ಟೆ ಮತ್ತು ಅದರ ಒಳಮೈಗೆ ಅಂಟಿಕೊಂಡ ನುಣುಪಾದ ಪೊರೆ. ಮೇಲ್ರೆಪ್ಪೆಯಲ್ಲಿ ಈ ತಟ್ಟೆಯ ಎತ್ತರ ಸುಮಾರು 10 ಮಿಲಿಮೀಟರ್, ಕೆಳಗಿನದರಲ್ಲಿ ಸುಮಾರು 4 ಮಿಲಿಮೀಟರ್. ರೆಪ್ಪೆಗೆ ಆಕಾರ ಕೊಡುವುದು ಆ ತಟ್ಟೆ. ಕಣ್ಣುಗುಡ್ಡೆಗೆ ಉಜ್ಜದಂತೆ ಕಾಯುವುದು ಆ ಪೊರೆ.

ಗಡ್ಡೆ ಜೊತೆ ಎರಡೂ ಪದರ ಹೋದರೆ ಎರಡನ್ನೂ ಕಟ್ಟಬೇಕು. ಬರೀ ಚರ್ಮ ಎಳೆದು ಹೊಲಿದರೆ ಆಗಲ್ಲ. ಚರ್ಮದ ಒರಟು ಕಾರ್ನಿಯಾವನ್ನು ಗೀರುತ್ತದೆ.

ಇನ್ನೆರಡು ಶಬ್ದ ಕೇಳುತ್ತೀರಿ. ಫ್ಲ್ಯಾಪ್ ಅಂದರೆ ಒಂದು ಕಡೆ ಅಂಟಿಕೊಂಡೇ ಇದ್ದು, ತನ್ನ ರಕ್ತ ತಾನೇ ತರುವ ತುಂಡು. ಗ್ರಾಫ್ಟ್ ಅಂದರೆ ಪೂರ್ತಿ ಬಿಡಿಸಿ ಬೇರೆ ಕಡೆ ಕೂರಿಸುವ ತುಂಡು. ಗ್ರಾಫ್ಟ್ ಕಿತ್ತು ನೆಟ್ಟ ಸಸಿಯಂತೆ, ಬೇರೂರುವವರೆಗೆ ಕೆಳಗೆ ಹಸಿ ನೆಲ ಬೇಕು. ಹಾಗಾಗಿ ಎರಡು ಪದರದಲ್ಲಿ ಒಂದಾದರೂ ಫ್ಲ್ಯಾಪ್ ಆಗಿರಲೇಬೇಕು. ಗ್ರಾಫ್ಟ್ ಮೇಲೆ ಗ್ರಾಫ್ಟ್ ಹಾಕಿದರೆ ಎರಡೂ ಸಾಯುತ್ತವೆ. "ಕಿವಿ ಹಿಂದಿನಿಂದ ಚರ್ಮ ತೆಗೆದು ಹಚ್ಚಿದರೆ ಮುಗೀತಲ್ವಾ, ಕೆನ್ನೆ ಯಾಕೆ ಕೊಯ್ಯಬೇಕು?" ಅಂತ ಕೇಳುವವರಿಗೆ ಉತ್ತರ ಇದೇ.

ಹಂತ 5: ಮೊದಲು ತೆಗೆಯುವುದು, ಕಟ್ಟುವ ಆತುರ ಬೇಡ

ಗಡ್ಡೆಯನ್ನು ಅದರ ಸುತ್ತಲಿನ ಚೆನ್ನಾಗಿ ಕಾಣುವ ಜಾಗದ ಒಂದು ಅಂಚಿನ ಸಮೇತ ತೆಗೆಯುತ್ತಾರೆ. ಬೇಸಲ್ ಸೆಲ್‌ಗೆ ಸಾಮಾನ್ಯವಾಗಿ 3–4 ಮಿಲಿಮೀಟರ್, ಎಣ್ಣೆಗ್ರಂಥಿಯದಕ್ಕೆ 5ರ ಆಸುಪಾಸು. ರೆಪ್ಪೆಯ ಪೂರ್ತಿ ಉದ್ದವೇ ಸುಮಾರು 30 ಮಿಲಿಮೀಟರ್. ಅವರೆಕಾಳಿನಷ್ಟು ಗಡ್ಡೆಗೆ ಅರ್ಧ ರೆಪ್ಪೆ ಯಾಕೆ ಹೋಗುತ್ತದೆ ಅನ್ನುವುದು ಈ ಲೆಕ್ಕದಲ್ಲೇ ಗೊತ್ತಾಗುತ್ತದೆ.

ಅಂಚಿನಲ್ಲಿ ರೋಗ ಉಳಿದಿದೆಯಾ ಅಂತ ನೋಡುವುದಕ್ಕೆ ಎರಡು ದಾರಿ. ಫ್ರೋಜನ್ ಸೆಕ್ಷನ್‌ನಲ್ಲಿ ತುಂಡನ್ನು ಹೆಪ್ಪುಗಟ್ಟಿಸಿ, ನೀವು ಆಪರೇಷನ್ ಟೇಬಲ್ ಮೇಲಿರುವಾಗಲೇ ಪರೀಕ್ಷಿಸುತ್ತಾರೆ. ಇನ್ನೊಂದು ಮಾಮೂಲಿ ಮೇಣದ ಬ್ಲಾಕ್ ಮಾಡಿ ನೋಡುವುದು, ಕೆಲವು ದಿನ ಹಿಡಿಯುತ್ತದೆ. ಎಣ್ಣೆಗ್ರಂಥಿಯ ಕ್ಯಾನ್ಸರ್ ಕೆಲವೊಮ್ಮೆ ಒಳಪೊರೆಯ ಮೇಲ್ಪದರದಲ್ಲಿ ಅಲ್ಲೊಂದು ಇಲ್ಲೊಂದು ಕೋಶವಾಗಿ ಚದುರಿರುತ್ತದೆ. ಅದು ಫ್ರೋಜನ್‌ನಲ್ಲಿ ತಪ್ಪಿಸಿಕೊಳ್ಳಬಹುದು. ಅದಕ್ಕೇ ಪೊರೆಯ ಹಲವು ಕಡೆಯಿಂದ ಚಿಕ್ಕ ಚೂರು ತೆಗೆದು ಕಳಿಸುತ್ತಾರೆ. ಇದಕ್ಕೆ ಮ್ಯಾಪ್ ಬಯಾಪ್ಸಿ ಅನ್ನುತ್ತಾರೆ.

ಇಲ್ಲಿ ಮನೆಯವರು ಗಾಬರಿಯಾಗುವುದುಂಟು. ಡಾಕ್ಟರ್ ಗಡ್ಡೆ ತೆಗೆದು, ರೆಪ್ಪೆ ಕಟ್ಟದೆ, ಮುಲಾಮು ತುಂಬಿ ಪಟ್ಟಿ ಕಟ್ಟಿ "ರಿಪೋರ್ಟ್ ಬಂದ ಮೇಲೆ ಮುಂದಿನದು" ಅನ್ನಬಹುದು. ಅರ್ಧಕ್ಕೆ ಬಿಟ್ಟರು ಅಂದುಕೊಳ್ಳಬೇಡಿ. ಕಾರ್ನಿಯಾ ಒಣಗದಂತೆ ನೋಡಿಕೊಂಡರೆ ಕೆಲವು ದಿನ ಕಾದು ಕಟ್ಟಿದರೂ ಫಲಿತಾಂಶ ಕೆಡುವುದಿಲ್ಲ. ಅಂಚಿನಲ್ಲಿ ರೋಗ ಉಳಿದು, ಅದರ ಮೇಲೆ ಚೆಂದದ ಫ್ಲ್ಯಾಪ್ ಕೂರಿಸಿದರೆ ಅದು ಒಳಗೊಳಗೇ ಬೆಳೆಯುತ್ತದೆ. ನನ್ನನ್ನು ಕೇಳಿದರೆ, ಅನುಮಾನ ಇದ್ದಾಗ ಕಾಯುವ ಸರ್ಜನ್ ಮೇಲೆ ನಂಬಿಕೆ ಜಾಸ್ತಿ ಇಡಬಹುದು.

ಹಂತ 6: ಎಷ್ಟು ಹೋಯಿತು ಅನ್ನುವುದರ ಮೇಲೆ ವಿಧಾನ

ಕಾಲು ಭಾಗದೊಳಗೆ ಹೋಗಿದ್ದರೆ ಎರಡೂ ಅಂಚು ಸೇರಿಸಿ ನೇರ ಹೊಲಿಯುತ್ತಾರೆ. ವಯಸ್ಸಾದವರ ರೆಪ್ಪೆ ಸಡಿಲ ಇರುವುದರಿಂದ ಮೂರನೇ ಒಂದು ಭಾಗದವರೆಗೂ ಹೀಗೆ ಸೇರಿಸಬಹುದು. ಮುಪ್ಪಿನಿಂದ ಆಗುವ ಲಾಭಗಳಲ್ಲಿ ಇದೂ ಒಂದು!

ಕಾಲು ಭಾಗದಿಂದ ಅರ್ಧದವರೆಗೆ ಆದರೆ ಹೊರಮೂಲೆಯಲ್ಲಿ ರೆಪ್ಪೆಯನ್ನು ಎಲುಬಿಗೆ ಕಟ್ಟಿಹಾಕುವ ತಂತು ಬಿಡಿಸಿ ಸಡಿಲ ಮಾಡುತ್ತಾರೆ. ಅದೂ ಸಾಲದಿದ್ದರೆ ಹೊರಮೂಲೆಯಿಂದ ಅರ್ಧಚಂದ್ರಾಕಾರದಲ್ಲಿ ಕೊಯ್ದು ಚರ್ಮವನ್ನು ಒಳಕ್ಕೆ ಸರಿಸುತ್ತಾರೆ. ಇದು ಟೆನ್ಝೆಲ್ ಫ್ಲ್ಯಾಪ್. ಒಂದೇ ಆಪರೇಷನ್‌ನಲ್ಲಿ ಮುಗಿಯುತ್ತದೆ.

ಕೆಳರೆಪ್ಪೆ ಅರ್ಧಕ್ಕಿಂತ ಜಾಸ್ತಿ ಹೋಗಿದ್ದರೆ ಹೆಚ್ಚಾಗಿ ಹ್ಯೂಸ್ ಫ್ಲ್ಯಾಪ್. ಅಮೆರಿಕದ ವೆಂಡೆಲ್ ಹ್ಯೂಸ್ 1937ರಲ್ಲಿ ವಿವರಿಸಿದ್ದು, ಇವತ್ತಿಗೂ ಚಾಲ್ತಿಯಲ್ಲಿದೆ. ಮೇಲ್ರೆಪ್ಪೆಯ ಒಳಮಗ್ಗುಲಿಂದ ತಟ್ಟೆಯ ಒಂದು ಪಾಲನ್ನೂ ಪೊರೆಯನ್ನೂ ಕೆಳಕ್ಕೆ ಇಳಿಸಿ ಕೆಳರೆಪ್ಪೆಯ ಹಿಂದಿನ ಪದರ ಮಾಡುತ್ತಾರೆ. ಮೇಲ್ರೆಪ್ಪೆ ಸೊಟ್ಟಗಾಗಬಾರದು ಅಂತ ಅದರ ಅಂಚಿನ ಸುಮಾರು 4 ಮಿಲಿಮೀಟರ್ ತಟ್ಟೆಯನ್ನು ಮುಟ್ಟುವುದಿಲ್ಲ. ಮುಂದಿನ ಪದರಕ್ಕೆ ಕಿವಿಯ ಹಿಂದಿನ ಅಥವಾ ಇನ್ನೊಂದು ಕಣ್ಣಿನ ಮೇಲ್ರೆಪ್ಪೆಯ ಚರ್ಮ. ಇದಕ್ಕೆ ತೆರಬೇಕಾದ ಬೆಲೆ: ಪೊರೆಯ ಸೇತುವೆ ಕಣ್ಣಿನ ಮುಂದೆ ಅಡ್ಡಲಾಗಿ ಇರುವುದರಿಂದ ಕೆಲವು ವಾರ ಆ ಕಣ್ಣು ಮುಚ್ಚಿಯೇ ಇರುತ್ತದೆ.

ಮೇಲ್ರೆಪ್ಪೆಗೆ ಇದರ ತಿರುಗುಮುರುಗು, ಕಟ್ಲರ್-ಬಿಯರ್ಡ್ ವಿಧಾನ. 1955ರದ್ದು. ಕೆಳರೆಪ್ಪೆಯ ಅಂಚನ್ನು ಹಾಗೇ ಬಿಟ್ಟು, ಅದರ ಕೆಳಗಿನ ಭಾಗವನ್ನು ಆ ಅಂಚಿನ ಹಿಂದಿನಿಂದ ಮೇಲಕ್ಕೆ ತಂದು ಹೊಲಿಯುತ್ತಾರೆ. ಅದರಲ್ಲಿ ತಟ್ಟೆ ಇಲ್ಲದ ಕಾರಣ ಕಿವಿಯ ಮೃದ್ವಸ್ಥಿಯಂಥದ್ದನ್ನು ನಡುವೆ ಕೂರಿಸುವುದುಂಟು. ಇಲ್ಲಿ ಕಣ್ಣು ಮುಚ್ಚಿರುವುದು 6–8 ವಾರ. ಮೇಲ್ರೆಪ್ಪೆ ಕಟ್ಟುವುದು ಕೆಳಗಿನದಕ್ಕಿಂತ ಕಷ್ಟ. ಏಕೆಂದರೆ ಕಣ್ಣು ಮಿಟುಕಿಸುವ ಕೆಲಸ ಬಹುಪಾಲು ಅದರದ್ದೇ.

ಕೆಳರೆಪ್ಪೆಯ ಜೊತೆ ಕೆನ್ನೆಯ ಭಾಗವೂ ಹೋಗಿದ್ದರೆ ಕೆನ್ನೆಯ ಚರ್ಮವನ್ನೇ ಎಬ್ಬಿಸಿ ತಿರುಗಿಸುವ ಮುಸ್ಟಾರ್ಡೆ ಫ್ಲ್ಯಾಪ್ ಇದೆ. ಇದರ ಗಾಯದ ಗೆರೆ ಕಿವಿಯ ಮುಂದಿನವರೆಗೂ ಹೋಗುತ್ತದೆ. ಕಣ್ಣು ಮುಚ್ಚಿಡಬೇಕಿಲ್ಲ. ಮೂಗಿನ ಪಕ್ಕದ ಮೂಲೆಗೆ ಹುಬ್ಬುಗಳ ನಡುವಿನ ಚರ್ಮ ಇಳಿಸುತ್ತಾರೆ. ಆ ಮೂಲೆಯ ಸಣ್ಣ ಗಾಯವನ್ನು ಕೆಲವೊಮ್ಮೆ ಏನೂ ಮಾಡದೆ ತಾನಾಗಿಯೇ ತುಂಬಿಕೊಳ್ಳಲು ಬಿಡುವುದೂ ಉಂಟು. ಕೇಳಲು ವಿಚಿತ್ರ ಅನ್ನಿಸಿದರೂ ಅದೂ ಒಪ್ಪಿತ ವಿಧಾನವೇ.

ತಪ್ಪದೆ ಹೇಳಬೇಕಾದ್ದು: ಇನ್ನೊಂದು ಕಣ್ಣಿನ ದೃಷ್ಟಿ ಮೊದಲೇ ಕಮ್ಮಿ ಇದ್ದರೆ ಆಪರೇಷನ್‌ಗೆ ಮೊದಲೇ ಸ್ಪಷ್ಟವಾಗಿ ಹೇಳಿ. ಇರುವ ಒಂದೇ ಕಣ್ಣನ್ನು ವಾರಗಟ್ಟಲೆ ಮುಚ್ಚಿಡಲು ಆಗುವುದಿಲ್ಲ, ಬೇರೆ ವಿಧಾನ ಆರಿಸಬೇಕಾಗುತ್ತದೆ. ಚಿಕ್ಕ ಮಕ್ಕಳಲ್ಲಿಯೂ ಹಾಗೇ. ಮುಚ್ಚಿದ ಕಣ್ಣು ನೋಡುವುದನ್ನೇ ಕಲಿಯದೆ ಉಳಿದುಬಿಡಬಹುದು.

ಹಂತ 7: ಮೊದಲ ಎರಡು ವಾರ

ತಲೆ ಎತ್ತರಿಸಿ ಮಲಗಿ, ಎರಡು ದಿಂಬು ಸಾಕು. ಬಗ್ಗುವುದು, ಭಾರ ಎತ್ತುವುದು, ತಿಣುಕುವುದು ಬೇಡ. ಮಲಬದ್ಧತೆ ಇದ್ದರೆ ಮಾತ್ರೆ ಕೇಳಿ. ಐಸ್ ಇಡಬಹುದಾ ಅನ್ನುವುದನ್ನು ಕೇಳಿಯೇ ಇಡಿ, ಹೊಸ ಫ್ಲ್ಯಾಪ್ ಮೇಲೆ ಅತಿಯಾದ ತಂಪು ಒಳ್ಳೆಯದಲ್ಲ. ಸ್ನಾನ ಕುತ್ತಿಗೆಯಿಂದ ಕೆಳಗೆ. ಕಾಡಿಗೆ, ಹರಳೆಣ್ಣೆ, ಜೇನುತುಪ್ಪ, ಎದೆಹಾಲು ಏನೂ ಬೇಡ.

ಗ್ರಾಫ್ಟ್ ಹಾಕಿದ್ದರೆ ಅದರ ಮೇಲೆ ಒಂದು ಗಟ್ಟಿ ಹತ್ತಿಯುಂಡೆ ಹೊಲಿದಿರುತ್ತಾರೆ. ಅದು ಗ್ರಾಫ್ಟನ್ನು ಕೆಳಗಿನ ನೆಲಕ್ಕೆ ಒತ್ತಿ ಹಿಡಿಯುತ್ತದೆ. ತುರಿಸಿದರೂ ಎಳೆಯಬೇಡಿ. ಸುಮಾರು ಒಂದು ವಾರದಲ್ಲಿ ಡಾಕ್ಟರೇ ತೆಗೆಯುತ್ತಾರೆ. ತೆಗೆದಾಗ ಕೆಳಗಿನ ಚರ್ಮ ನೇರಳೆಹಣ್ಣಿನ ಬಣ್ಣದಲ್ಲಿದ್ದರೆ ಹೆದರಬೇಡಿ, ರಕ್ತ ಓಡಾಡಲು ಶುರುವಾದಂತೆ ಅದು ಗುಲಾಬಿಗೆ ತಿರುಗುತ್ತದೆ. ಚರ್ಮದ ಹೊಲಿಗೆ 5–7 ದಿನಕ್ಕೆ, ರೆಪ್ಪೆಯ ಅಂಚಿನದು 10–14 ದಿನಕ್ಕೆ ತೆಗೆಯುವುದು ರೂಢಿ.

ಇವು ಕಂಡರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ:

- ಕಣ್ಣಿನ ಹಿಂದೆ ಜೋರು ನೋವು, ಕಣ್ಣುಗುಡ್ಡೆ ಮುಂದಕ್ಕೆ ತಳ್ಳಿದಂತೆ ಆಗುವುದು, ದೃಷ್ಟಿ ಕಮ್ಮಿಯಾಗುವುದು. ಇದು ಒಳಗೆ ರಕ್ತ ಕಟ್ಟಿಕೊಳ್ಳುವ ಲಕ್ಷಣ. ಗಂಟೆಗಳ ಲೆಕ್ಕ. ರಾತ್ರಿಯಾದರೂ ಹೊರಡಿ.
- ಪಟ್ಟಿ ಒದ್ದೆಯಾಗುವಷ್ಟು ರಕ್ತ, ಒತ್ತಿ ಹಿಡಿದರೂ ನಿಲ್ಲದಿರುವುದು.
- ಫ್ಲ್ಯಾಪ್ ಕಪ್ಪಗಾಗುವುದು, ಕೀವು, ಜ್ವರ.
- ಕಣ್ಣಲ್ಲಿ ಮರಳು ಬಿದ್ದಂತೆ ಚುಚ್ಚುವುದು, ಬೆಳಕು ನೋಡಲಾಗದಿರುವುದು. ಹೊಲಿಗೆಯ ತುದಿ ಕಾರ್ನಿಯಾಕ್ಕೆ ತಾಗುತ್ತಿರಬಹುದು.

ಹಂತ 8: ಕಣ್ಣು ಮುಚ್ಚಿರುವ ವಾರಗಳು

ಎರಡು ಹಂತದ ಆಪರೇಷನ್ ಆದವರಿಗೆ ಮಾತ್ರ ಇದು. ಒಂದೇ ಕಣ್ಣಲ್ಲಿ ನೋಡುವಾಗ ದೂರದ ಅಂದಾಜು ತಪ್ಪುತ್ತದೆ. ಲೋಟಕ್ಕೆ ಕಾಫಿ ಸುರಿಯುವಾಗ, ಮೆಟ್ಟಿಲು ಇಳಿಯುವಾಗ ಅನುಭವಕ್ಕೆ ಬರುತ್ತದೆ. ಬೈಕು, ಕಾರು, ಟ್ರ್ಯಾಕ್ಟರ್ ಬೇಡ. ಕುಡುಗೋಲು, ಮಚ್ಚಿನ ಕೆಲಸ ಬೇರೆಯವರು ಮಾಡಲಿ. ಮನೆಯವರು ಮುಚ್ಚಿದ ಕಣ್ಣಿನ ಕಡೆಯಿಂದ ಬರುವಾಗ ಮಾತಾಡಿಸಿಕೊಂಡು ಬನ್ನಿ, ಸುಮ್ಮನೆ ಬಂದು ಮುಟ್ಟಿದರೆ ಬೆಚ್ಚಿಬೀಳುತ್ತಾರೆ.

ಕಣ್ಣಿನ ಮೂಲೆಗಳಿಂದ ಲೋಳೆ ಬರುವುದು ಸಾಮಾನ್ಯ. ಕುದಿಸಿ ಆರಿಸಿದ ನೀರಲ್ಲಿ ಅದ್ದಿದ ಶುಭ್ರ ಗಾಜ್ ಬಟ್ಟೆಯಿಂದ, ಒಳಮೂಲೆಯಿಂದ ಹೊರಕ್ಕೆ ಒರೆಸಿ. ಕಟ್ಲರ್-ಬಿಯರ್ಡ್ ಆದವರಿಗೆ ಕೆಳರೆಪ್ಪೆಯ ಅಂಚು ತೋರಣದಂತೆ ತೂಗುತ್ತಿರುತ್ತದೆ. ಅದರ ಹಿಂದೆ ಲೋಳೆ ಸೇರಿಕೊಳ್ಳುತ್ತದೆ. ಅದನ್ನು ಹೇಗೆ ಒರೆಸಬೇಕು ಅಂತ ಡಿಸ್ಚಾರ್ಜ್ ದಿನ ಸಿಸ್ಟರ್ ಹತ್ತಿರ ಮಾಡಿಸಿ ನೋಡಿ ಕಲಿತುಕೊಳ್ಳಿ. ಆ ಅಂಚಿನ ಮೇಲೆ ಬಿಗಿ ಪಟ್ಟಿ ಕಟ್ಟಬೇಡಿ. ಒತ್ತಡ ಬಿದ್ದರೆ ಅದಕ್ಕೆ ರಕ್ತ ಹರಿಯುವುದು ನಿಲ್ಲುತ್ತದೆ.

ಎರಡನೇ ಆಪರೇಷನ್ ಚಿಕ್ಕದು. ಆ ಜಾಗ ಮಾತ್ರ ಮರಗಟ್ಟಿಸಿ ಸೇತುವೆ ಕತ್ತರಿಸುತ್ತಾರೆ. ತೆರೆದ ಕೂಡಲೇ ಬೆಳಕು ಕುಕ್ಕುತ್ತದೆ, ನೋಟ ಮಸುಕಾಗಿರುತ್ತದೆ, ಹೊಸ ರೆಪ್ಪೆ ಕೆಂಪಗೆ, ಊದಿಕೊಂಡು ಕಾಣುತ್ತದೆ. ಕನ್ನಡಿಯಲ್ಲಿ ನೋಡಿ ಅವತ್ತೇ ತೀರ್ಪು ಕೊಡಬೇಡಿ.

ಹಂತ 9: ಮುಂದಿನ ತಿಂಗಳುಗಳು

ಗಾಯ ಮಾಗುವಾಗ ಕುಗ್ಗುತ್ತದೆ, ಕುಗ್ಗಿದಾಗ ರೆಪ್ಪೆಯನ್ನು ಎಳೆಯುತ್ತದೆ. ಅದಕ್ಕೆ ಮೂರ್ನಾಲ್ಕು ವಾರದ ನಂತರ ಮಸಾಜ್ ಹೇಳಿಕೊಡುತ್ತಾರೆ. ಕೆಳರೆಪ್ಪೆಯಾದರೆ ಮುಲಾಮು ಹಚ್ಚಿದ ಬೆರಳಲ್ಲಿ ಮೇಲ್ಮುಖವಾಗಿ. ಡಾಕ್ಟರ್ ಹೇಳುವ ಮೊದಲೇ ಶುರು ಮಾಡಬೇಡಿ, ಹೇಳಿದ ಮೇಲೆ ಬಿಡಬೇಡಿ. ಬಿಸಿಲಿಗೆ ಹೊಸ ಚರ್ಮ ಬೇಗ ಕಪ್ಪಾಗುತ್ತದೆ. ಟೋಪಿ, ತಂಪುಕನ್ನಡಕ ಇರಲಿ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ರೋಗಿ ಗಾಢ ನಿದ್ದೆಯಲ್ಲಿದ್ದಾಗ ಟಾರ್ಚನ್ನು ಪಕ್ಕದಿಂದ ಹಿಡಿದು ಕಣ್ಣು ನೋಡಿ. ರೆಪ್ಪೆಗಳ ನಡುವೆ ಬಿಳಿಯ ಗೆರೆ ಕಂಡರೆ ಕಣ್ಣು ಪೂರ್ತಿ ಮುಚ್ಚುತ್ತಿಲ್ಲ. ಎಚ್ಚರದಲ್ಲಿ "ಮುಚ್ಚಿ" ಅಂದರೆ ಒತ್ತಿ ಮುಚ್ಚುತ್ತಾರೆ, ಆಗ ಗೊತ್ತಾಗುವುದಿಲ್ಲ. ಗೆರೆ ಕಂಡರೆ ಡಾಕ್ಟರಿಗೆ ತಿಳಿಸಿ. ಮಲಗುವಾಗ ಹಾಕುವ ಮುಲಾಮಿನಿಂದ ಹಿಡಿದು ಚಿಕ್ಕ ಸರಿಪಡಿಸುವ ಆಪರೇಷನ್‌ವರೆಗೆ ಪರಿಹಾರಗಳಿವೆ.

ಹೊಸ ರೆಪ್ಪೆಗೆ ರೆಪ್ಪೆಗೂದಲು ಬರುವುದಿಲ್ಲ. ಕೆಳರೆಪ್ಪೆಯಲ್ಲಿ ಅದು ಅಷ್ಟು ಎದ್ದು ಕಾಣದು, ಕನ್ನಡಕ ಹಾಕುವವರಿಗಂತೂ ಚಿಂತೆಯೇ ಇಲ್ಲ. ಬದಲಿಗೆ ಚರ್ಮದ ನವಿರು ಕೂದಲು ಒಳಕ್ಕೆ ಬಾಗಿ ಕಣ್ಣಿಗೆ ಚುಚ್ಚಬಹುದು. ಅದನ್ನು ತೆಗೆಸಬಹುದು. ಒಳಮೂಲೆಯ ಗಡ್ಡೆ ತೆಗೆಯುವಾಗ ಕಣ್ಣೀರಿನ ನಾಳ ಹೋಗಿದ್ದರೆ ಕಣ್ಣು ಸೋರುತ್ತದೆ. ಸಿಲಿಕೋನ್ ನಳಿಗೆ ಹಾಕಿದ್ದರೆ ಕಣ್ಣಿನ ಮೂಲೆಯಲ್ಲಿ ಅದರ ಕುಣಿಕೆ ದಾರದಂತೆ ಕಾಣುತ್ತದೆ. ಕಸ ಅಂದುಕೊಂಡು ಎಳೆಯಬೇಡಿ. ನಾಳಕ್ಕೆ ಹೊಸ ದಾರಿ ಮಾಡುವ ಆಪರೇಷನ್ನನ್ನು ಕ್ಯಾನ್ಸರ್ ಮರಳಿಲ್ಲ ಅನ್ನುವುದು ಖಾತ್ರಿಯಾಗುವವರೆಗೆ ಮುಂದೂಡುತ್ತಾರೆ.

ಹಂತ 10: ತಪಾಸಣೆ ಬಿಡಬೇಡಿ

ರೆಪ್ಪೆ ಚೆನ್ನಾಗಿ ಕೂತಿತು, ನೋವಿಲ್ಲ, ಇನ್ಯಾಕೆ ಆಸ್ಪತ್ರೆ ಅನ್ನಿಸುತ್ತದೆ. ಸಾಮಾನ್ಯವಾಗಿ ಮೊದಲ ವರ್ಷ ಕೆಲವು ತಿಂಗಳಿಗೊಮ್ಮೆ, ಆಮೇಲೆ ಅಂತರ ಹೆಚ್ಚಿಸುತ್ತಾ ಕನಿಷ್ಠ 5 ವರ್ಷ ತಪಾಸಣೆ ಇರುತ್ತದೆ. ಪ್ರತಿ ಭೇಟಿಯಲ್ಲೂ ರೆಪ್ಪೆ ಮಗುಚಿ ಒಳಗಡೆ ನೋಡುತ್ತಾರೆ, ಕಿವಿಯ ಮುಂದೆ, ದವಡೆ ಕೆಳಗೆ, ಕತ್ತಿನಲ್ಲಿ ಗಂಟು ತಡಕುತ್ತಾರೆ. ನೀವೂ ತಿಂಗಳಿಗೊಮ್ಮೆ ಮೂರು ಬೆರಳಿಟ್ಟು ಎರಡೂ ಕಡೆ ತಡಕಿ ಹೋಲಿಸಿ ನೋಡಿ. ನೋವಿಲ್ಲದ ಗಂಟು ಸಿಕ್ಕಿದರೆ, ನೋವಿಲ್ಲವಲ್ಲ ಅಂತ ಬಿಡಬೇಡಿ.

ಫೈಲ್‌ನಲ್ಲಿ ಪೆಥಾಲಜಿ ರಿಪೋರ್ಟ್, ಆಪರೇಷನ್ ನೋಟ್ಸ್, ಡಿಸ್ಚಾರ್ಜ್ ಸಮ್ಮರಿ ಮೂರೂ ಒಟ್ಟಿಗೆ ಇರಲಿ. ಪ್ರತಿ ಭೇಟಿಯಲ್ಲಿ ಒಂದೇ ಜಾಗ, ಒಂದೇ ಬೆಳಕಲ್ಲಿ ಮೊಬೈಲ್‌ನಿಂದ ಎರಡು ಫೋಟೋ ತೆಗೆದಿಟ್ಟುಕೊಳ್ಳಿ, ಕಣ್ಣು ತೆರೆದಾಗ ಒಂದು, ಮುಚ್ಚಿದಾಗ ಒಂದು. ಡಾಕ್ಟರ್ ಬದಲಾದರೂ, ಊರು ಬದಲಾದರೂ ಹೊಸಬರಿಗೆ ಇಷ್ಟು ತೋರಿಸಿದರೆ ಮೊದಲಿಂದ ಕಥೆ ಹೇಳುವ ಕಷ್ಟ ಇರುವುದಿಲ್ಲ.